ಸುಗ್ಗಿ ಕಾಲದ ಹಬ್ಬದಡಿಗೆಗೆ ಹಿತ್ತಲ ಹಸಿಸೊಪ್ಪು

ಮಾರ್ಗಶಿರ, ಪುಷ್ಯ ಮಾಸಗಳೆಂದರೆ ನಮ್ಮ ಬೆಳೆಗಾರರಿಗೆ ಉಸಿರಾಡಲು ಬಿಡುವಿಲ್ಲದ ಕಾಲ. ಅರೇಬಿಕಾ ಕೊಯ್ಲು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗುತ್ತದೆ. ಅಡಿಕೆ ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲವೂ ಒಟ್ಟಿಗೇ ಬಂದು ನಿಲ್ಲುತ್ತವೆ. ಹಬ್ಬಗಳೂ ಇದೇ ಸಮಯಕ್ಕೆ ಸಾಲುಗಟ್ಟುತ್ತವೆ. ಕೊಡಗಿನಲ್ಲಿ ಪುತ್ತರಿ, ಬಯಲುಸೀಮೆಯಲ್ಲಿ ಧನುರ್ಮಾಸದ ಪೂಜೆ, ಕ್ರೈಸ್ತ ಬಂಧುಗಳ ಮನೆಗಳಲ್ಲಿ ಕ್ರಿಸ್‌ಮಸ್, ಕೊನೆಗೆ ಎಲ್ಲರ ಮನೆಯ ಸಂಕ್ರಾಂತಿ. ಪಟ್ಟಣದಲ್ಲಿರುವ ಮಕ್ಕಳು, ಮೊಮ್ಮಕ್ಕಳು ಊರಿಗೆ ಬರುವುದೂ ಈಗಲೇ.

ಇಂತಹ ಹೊತ್ತಿನಲ್ಲಿ ಹಬ್ಬದಡಿಗೆಗೆ ಬೇಕಾದ ಕೊತ್ತಂಬರಿ, ಸಬ್ಬಸಿಗೆ, ಪುದೀನ, ಮೆಂತ್ಯ ಸೊಪ್ಪುಗಳನ್ನು ವಾರದ ಸಂತೆಯಿಂದ ತಂದು ಮೂರು ನಾಲ್ಕು ದಿನ ಇಟ್ಟುಕೊಂಡರೆ, ಹಬ್ಬದ ದಿನ ಕೈಗೆ ಸಿಗುವುದು ಬಾಡಿದ ಕಡ್ಡಿ ಮಾತ್ರ. ಎಕರೆಗಟ್ಟಲೆ ತೋಟವಿದ್ದೂ ಒಂದು ಕಟ್ಟು ಸೊಪ್ಪಿಗೆ ಪೇಟೆಯ ದಾರಿ ಕಾಯುವುದು ನಮಗೆ ಶೋಭೆಯಲ್ಲ. ಬೆಲೆಗಿಂತಲೂ ಮುಖ್ಯವಾದ ಸಂಗತಿ ಇನ್ನೊಂದಿದೆ. ಕೊಂಡು ತಂದ ಸೊಪ್ಪು ಎಂಥ ನೀರಿನಲ್ಲಿ ಬೆಳೆದಿದೆ, ಅದಕ್ಕೆ ಯಾವ ಔಷಧಿ ಬಿದ್ದಿದೆ ಎಂಬುದು ಕೊಂಡವರಿಗೆ ತಿಳಿಯುವುದಿಲ್ಲ. ನಮ್ಮದೇ ತೋಟದಲ್ಲಿ ಬೆಳೆದದ್ದಾದರೂ ಎಲ್ಲಿ ಬೆಳೆದೆವು ಎಂಬುದನ್ನು ಗಮನಿಸದಿದ್ದರೆ ಅಪಾಯ ತಪ್ಪಿದ್ದಲ್ಲ. ಆದ್ದರಿಂದ ಹಸಿಸೊಪ್ಪಿನ ಗುಣ, ಅಡಿಗೆಯಲ್ಲಿ ಅದನ್ನು ಬಳಸುವ ಕ್ರಮ, ಹಿತ್ತಲಲ್ಲಿ ಬೆಳೆಯುವ ಲೆಕ್ಕ ಮತ್ತು ವಹಿಸಬೇಕಾದ ಎಚ್ಚರ, ಈ ನಾಲ್ಕನ್ನೂ ಇಲ್ಲಿ ವಿವರಿಸುತ್ತೇವೆ.

ಅವರೆಯ ಜೊತೆ ಸಬ್ಬಸಿಗೆ

ಬೆಂಗಳೂರಿನ ಉತ್ತರಕ್ಕೆ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿ, ಯಲಹಂಕ ಸೇರುವ ಮೊದಲು ಅಲ್ಲಾಳಸಂದ್ರ ಸಿಗುತ್ತದೆ. ಊರ ಹೆಸರಿನ ಕೊನೆಯ ‘ಸಂದ್ರ’ ಎಂಬುದು ‘ಸಮುದ್ರ’ದ ರೂಪ. ಕೆರೆಯನ್ನು ಸಮುದ್ರವೆಂದು ಕರೆಯುವುದು ಆ ಸೀಮೆಯ ಹಳೆಯ ವಾಡಿಕೆ. ಊರು ಈಗ ನಗರದೊಳಗೆ ಸೇರಿಹೋಗಿದೆಯಾದರೂ ಕೆರೆ ಉಳಿದಿದೆ. ಪಕ್ಕದಲ್ಲೇ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವಿದೆ. ನವೆಂಬರ್ ತಿಂಗಳ ಕೃಷಿ ಮೇಳಕ್ಕೆ ಹೋಗಿಬಂದ ಸದಸ್ಯರಿಗೆ ಈ ದಾರಿ ಪರಿಚಿತವೇ.

ಆ ಭಾಗದ ಮನೆಗಳಲ್ಲಿ ಚಳಿಗಾಲದ ಹಬ್ಬವೆಂದರೆ ಅವರೆಕಾಯಿ. ಅವರೆಕಾಳಿನ ಉಪ್ಪಿಟ್ಟು, ಅಕ್ಕಿ ರೊಟ್ಟಿ, ಹಿತಕಿದ ಬೇಳೆ ಸಾರು ಇಲ್ಲದೆ ಡಿಸೆಂಬರ್, ಜನವರಿ ಕಳೆಯುವುದಿಲ್ಲ. ನಾಡ ಅವರೆ ಹಗಲು ಮೊಟಕಾದಾಗ ಹೂಬಿಡುವ ಸ್ವಭಾವದ್ದು. ಅದಕ್ಕಾಗಿಯೇ ಅದು ಚಳಿಯಲ್ಲಿ ಕಾಯಿ ಕಟ್ಟುತ್ತದೆ. ಸಿಪ್ಪೆಯ ಮೇಲೆ ಅಂಟುವ ಜಿಡ್ಡಿನ ಪರಿಮಳಕ್ಕೇ ‘ಸೊಗಡು’ ಎಂದು ಹೆಸರು. ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3 ಮತ್ತು 4 ತಳಿಗಳು ಹಗಲಿನ ಉದ್ದವನ್ನು ಕಾಯದೆ ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತವೆ. ಹಾಗಿದ್ದರೂ ಸೊಗಡಿನ ಅವರೆಗೆ ಜನ ಚಳಿಗಾಲವನ್ನೇ ಕಾಯುತ್ತಾರೆ.

ಈ ಅವರೆಗೆ ಜೋಡಿ ಸಬ್ಬಸಿಗೆ ಸೊಪ್ಪು. ಅವರೆಯ ಹಿಟ್ಟು ಹಿಟ್ಟಾದ ಭಾರಕ್ಕೆ ಸಬ್ಬಸಿಗೆಯ ತೀಕ್ಷ್ಣ ಪರಿಮಳ ಒಳ್ಳೆಯ ಸಮತೋಲ. ಈ ಜೋಡಿಯನ್ನು ಕಂಡುಕೊಂಡವರು ನಾವು ಮಾತ್ರವಲ್ಲ. ಇರಾನ್ ದೇಶದಲ್ಲಿ ಅವರೆಯಂತಹದೇ ದಪ್ಪ ಹಸಿರುಕಾಳನ್ನು ಅನ್ನ ಮತ್ತು ಸಬ್ಬಸಿಗೆಯೊಡನೆ ಬೇಯಿಸಿ ಹಬ್ಬ, ಮದುವೆಗಳಲ್ಲಿ ಬಡಿಸುತ್ತಾರೆ. ಸ್ವೀಡನ್ನಿನ ಕ್ರಿಸ್‌ಮಸ್ ಊಟದಲ್ಲಿ ಉಪ್ಪು, ಸಕ್ಕರೆ ಹಚ್ಚಿಟ್ಟ ಮೀನಿಗೆ ಇದೇ ಸೊಪ್ಪನ್ನು ಹಾಕುತ್ತಾರೆ.

ಪರಿಮಳ ಎಲ್ಲಿರುತ್ತದೆ?

ಸೊಪ್ಪಿನ ಪರಿಮಳವೆಂದರೆ ಎಲೆಯಲ್ಲಿರುವ ಆವಿಯಾಗಬಲ್ಲ ತೈಲ. ಈ ತೈಲ ಎಲ್ಲ ಸೊಪ್ಪಿನಲ್ಲೂ ಒಂದೇ ಕಡೆ ಇರುವುದಿಲ್ಲ. ಇದನ್ನು ತಿಳಿದುಕೊಂಡರೆ ಯಾವ ಸೊಪ್ಪನ್ನು ಯಾವಾಗ ಹಾಕಬೇಕೆಂಬುದು ತಾನೇ ಹೊಳೆಯುತ್ತದೆ.

ಪುದೀನ, ದೊಡ್ಡಪತ್ರೆ, ತುಲಸಿ ಒಂದೇ ಕುಲದವು. ಇವುಗಳ ತೈಲ ಎಲೆಯ ಮೇಲ್ಮೈಯ ಸಣ್ಣ ರೋಮಗಳ ತುದಿಯಲ್ಲಿರುತ್ತದೆ. ಬೆರಳಿನಿಂದ ಸವರಿದರೂ ವಾಸನೆ ಬರುವುದು ಇದರಿಂದಲೇ. ಇಂಥ ಎಲೆಗಳನ್ನು ಬಿಗಿಯಾಗಿ ಹಿಂಡುವುದು, ಒತ್ತಿ ಕಟ್ಟಿಡುವುದು ಸಲ್ಲದು. ಅಡಿಗೆಗೆ ಮೊದಲೇ ಪರಿಮಳ ಹೋಗಿಬಿಡುತ್ತದೆ.

ಕೊತ್ತಂಬರಿ ಮತ್ತು ಸಬ್ಬಸಿಗೆ ಇನ್ನೊಂದು ಕುಲ. ಇವುಗಳಲ್ಲಿ ತೈಲ ಎಲೆ, ಕಡ್ಡಿಗಳ ಒಳಗಿನ ಸಣ್ಣ ನಾಳಗಳಲ್ಲಿರುತ್ತದೆ. ಹೆಚ್ಚಿದಾಗ ಅಥವಾ ಅರೆದಾಗ ಮಾತ್ರ ಪೂರ್ತಿ ಹೊರಬರುತ್ತದೆ. ಎಳೆಯ ಕಡ್ಡಿಯಲ್ಲಿಯೂ ಎಲೆಯಷ್ಟೇ ರುಚಿಯಿದೆ. ಅದನ್ನು ಎಸೆಯಬಾರದು, ಮಸಾಲೆಗೆ ಅರೆಯಬೇಕು. ಕೊತ್ತಂಬರಿ ಸೊಪ್ಪಿನ ಪರಿಮಳ ಬಲು ಅಲ್ಪಾಯುಷಿ. ಕುದಿಯುವ ಸಾರಿನಲ್ಲಿ ಕೆಲವೇ ನಿಮಿಷಗಳಲ್ಲಿ ಅದು ಮಾಯವಾಗುತ್ತದೆ. ಆದ್ದರಿಂದ ಅರ್ಧ ಪಾಲನ್ನು ಮಸಾಲೆಗೆ ಅರೆದು, ಉಳಿದರ್ಧವನ್ನು ಪಾತ್ರೆ ಇಳಿಸಿದ ಮೇಲೆ ಹಾಕುವುದು ಸರಿಯಾದ ಕ್ರಮ. ಸಬ್ಬಸಿಗೆ ಸ್ವಲ್ಪ ಹೆಚ್ಚು ಕಾಲ ತಡೆಯುತ್ತದೆ, ಆದರೂ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಯಿಸುವುದು ಬೇಡ.

ಕರಿಬೇವು ನಿಂಬೆ, ಕಿತ್ತಳೆಗಳ ಕುಲಕ್ಕೆ ಸೇರಿದ್ದು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸೂಜಿ ಚುಚ್ಚಿದಂತೆ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವೇ ತೈಲದ ಕೋಶಗಳು. ಈ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಅದನ್ನು ಒಗ್ಗರಣೆಗೆ ಹಾಕಿ ಎಂದು ನಮ್ಮ ಹಿರಿಯರು ಹೇಳಿದ್ದರಲ್ಲಿ ಅರ್ಥವಿದೆ. ಎಲೆಯ ಮೇಲೆ ನೀರಿದ್ದರೆ ಎಣ್ಣೆ ಸಿಡಿಯುತ್ತದೆ; ತೊಳೆದು ಬಟ್ಟೆಯಿಂದ ಒರಸಿ ಹಾಕಬೇಕು.

ಹಸಿರು ಉಳಿಸುವ ಬಗೆ

ಹಬ್ಬದ ದಿನ ಬೆಳಿಗ್ಗೆ ಮಾಡಿದ ಹಸಿರು ಸಾರು ಮಧ್ಯಾಹ್ನಕ್ಕೆ ಕಂದಾಗುವುದುಂಟು. ಹುಳಿ ಮತ್ತು ಶಾಖ ಎರಡೂ ಸೇರಿದಾಗ ಎಲೆಯ ಹಸಿರು ವಸ್ತುವಿನಲ್ಲಿರುವ ಮೆಗ್ನೀಸಿಯಂ ಕಳಚಿಕೊಳ್ಳುತ್ತದೆ. ಬಣ್ಣ ಮಾಸುವುದು ಇದರಿಂದ. ಆದ್ದರಿಂದ ಹುಣಸೆ ರಸ, ನಿಂಬೆ ರಸವನ್ನು ಕೊನೆಯಲ್ಲಿ ಹಾಕಬೇಕು. ಸೊಪ್ಪು ಬೇಯುವಾಗ ಮುಚ್ಚಳ ತೆಗೆದಿಟ್ಟರೆ ಎಲೆಯಿಂದ ಹೊರಬರುವ ಹುಳಿಯ ಅಂಶ ಆವಿಯೊಡನೆ ಹೋಗುತ್ತದೆ.

ಬಣ್ಣಕ್ಕಾಗಿ ಅಡಿಗೆ ಸೋಡಾ ಹಾಕುವವರಿದ್ದಾರೆ. ಹಸಿರೇನೋ ಉಳಿಯುತ್ತದೆ, ಆದರೆ ಸೊಪ್ಪು ಮುದ್ದೆಯಾಗಿ ಅದರ ಜೀವಸತ್ವ ನಾಶವಾಗುತ್ತದೆ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಮಾಡಿದರೆ ಹಸಿರು ಕಣ್ಣು ಕುಕ್ಕುವಂತೆ ಬರುತ್ತದೆ. ಮೆಗ್ನೀಸಿಯಂ ಹೋದ ಜಾಗಕ್ಕೆ ತಾಮ್ರ ಬಂದು ಕುಳಿತಿರುತ್ತದೆ. ಇಂಥ ಪಾತ್ರೆಯಲ್ಲಿ ಹುಳಿ ಅಡಿಗೆ ಮಾಡಿದರೆ ವಾಂತಿ, ಹೊಟ್ಟೆನೋವು ಬರಬಹುದು. ಹಬ್ಬಕ್ಕೆಂದು ಅಟ್ಟದಿಂದ ಇಳಿಸುವ ದೊಡ್ಡ ಪಾತ್ರೆಗಳ ಕಲಾಯಿಯನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಸೊಪ್ಪನ್ನು ತೊಳೆದ ಮೇಲೆ ಹೆಚ್ಚಬೇಕೇ ಹೊರತು ಹೆಚ್ಚಿದ ಮೇಲೆ ತೊಳೆಯಬಾರದು. ಮೂರು ಸಲ ನೀರು ಬದಲಾಯಿಸಿ, ಪ್ರತಿಸಲವೂ ಸೊಪ್ಪನ್ನು ಮೇಲಕ್ಕೆತ್ತಿ ತೆಗೆಯಬೇಕು. ಸೊಪ್ಪಿನ ಮೇಲೆಯೇ ನೀರು ಬಗ್ಗಿಸಿದರೆ ತಳದ ಮಣ್ಣು ಮತ್ತೆ ಅದಕ್ಕೇ ಅಂಟುತ್ತದೆ.

ಹತ್ತು ಜನರ ಹಬ್ಬದೂಟಕ್ಕೆ

ಸಬ್ಬಸಿಗೆ ಅವರೆಕಾಳು ರೊಟ್ಟಿ: ಅಕ್ಕಿ ಹಿಟ್ಟು 1 ಕಿಲೋ, ಬಿಡಿಸಿದ ಅವರೆಕಾಳು 400 ಗ್ರಾಂ, ಸಬ್ಬಸಿಗೆ ಸೊಪ್ಪು 200 ಗ್ರಾಂ, ಒಂದು ತೆಂಗಿನಕಾಯಿಯ ತುರಿ, ಹಸಿಮೆಣಸಿನಕಾಯಿ 8, ಜೀರಿಗೆ 2 ಚಮಚ, ರುಚಿಗೆ ಉಪ್ಪು. ಕಾಳನ್ನು ಉಪ್ಪು ಹಾಕಿ ಬೇಯಿಸಿ, ಬೆರಳಿನಿಂದ ಒತ್ತಿದರೆ ಒಡೆಯುವಂತಿರಲಿ, ಕರಗಬಾರದು. ಹಿಟ್ಟಿಗೆ ಕಾಳು, ತುರಿ, ಮೆಣಸಿನಕಾಯಿ, ಜೀರಿಗೆ ಸೇರಿಸಿ ಬಿಸಿನೀರಿನಲ್ಲಿ ಮೃದುವಾಗಿ ಕಲಸಿ. ಸೊಪ್ಪನ್ನು ಮಾತ್ರ ತಟ್ಟುವ ಹೊತ್ತಿಗೆ ಸೇರಿಸಿ. ಮೊದಲೇ ಹಾಕಿದರೆ ಉಪ್ಪಿಗೆ ನೀರು ಬಿಟ್ಟು ಹಿಟ್ಟು ಅಂಟಾಗುತ್ತದೆ. ಬಾಳೆ ಎಲೆಯ ಮೇಲೆ ತಟ್ಟಿ, ಕಾವಲಿಯಲ್ಲಿ ಮುಚ್ಚಿ ಬೇಯಿಸಿ. ತಲೆಗೆ ಎರಡರಂತೆ ಸಾಲುತ್ತದೆ.

ಹಿತಕಿದ ಬೇಳೆ ಸಾರು: ಬಿಡಿಸಿದ ಕಾಳು 1 ಕಿಲೋ ಬೇಕು, ಇದಕ್ಕೆ ಸುಮಾರು 3 ಕಿಲೋ ಕಾಯಿ ತರಬೇಕಾಗುತ್ತದೆ. ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತುಕಿ. ಮಕ್ಕಳು ಮರಿಗಳೆಲ್ಲ ಸುತ್ತ ಕುಳಿತರೆ ಈ ಕೆಲಸ ಬೇಗ ಮುಗಿಯುತ್ತದೆ. ಮಸಾಲೆಗೆ ಅರ್ಧ ತೆಂಗಿನಕಾಯಿ, ಹಸಿಮೆಣಸಿನಕಾಯಿ 10, ಒಂದು ಅಂಗುಲ ಹಸಿಶುಂಠಿ, ಬೆಳ್ಳುಳ್ಳಿ 10 ಎಸಳು, ಗಸಗಸೆ 1 ಚಮಚ, ಧನಿಯ 2 ಚಮಚ, ಲವಂಗ 4, ಚಕ್ಕೆ 2 ಚೂರು, 50 ಗ್ರಾಂ ಕೊತ್ತಂಬರಿ ಸೊಪ್ಪು ಕಡ್ಡಿ ಸಹಿತ. ಈರುಳ್ಳಿ ಒಗ್ಗರಣೆಯಲ್ಲಿ ಬೇಳೆಯನ್ನು ಹಾಕಿ, ನೀರೆರೆದು ಬೇಯಿಸಿ. ಬೇಳೆ ಮೆತ್ತಗಾದ ಮೇಲೆ ಮಸಾಲೆ ಹಾಕಿ ಎಂಟು ಹತ್ತು ನಿಮಿಷ ಕುದಿಸಿ ಇಳಿಸಿ. ಮತ್ತೆ 50 ಗ್ರಾಂ ಹೆಚ್ಚಿದ ಕೊತ್ತಂಬರಿಯನ್ನು ಆಗ ಉದುರಿಸಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಇಂಗು ಹಾಕಬಹುದು.

ದೊಡ್ಡಪತ್ರೆ ತಂಬುಳಿ: ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಬ್ಬದ ಭಾರಿ ಊಟದಲ್ಲಿ ಇದೊಂದಿದ್ದರೆ ಬಾಯಿಗೆ ಹಿತ. ಇಪ್ಪತ್ತು ಎಲೆ, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಒಂದು ಹಿಡಿ ತೆಂಗಿನ ತುರಿಯೊಡನೆ ಅರೆದು, ಎರಡು ಮೂರು ಲೋಟ ಮಜ್ಜಿಗೆಯಲ್ಲಿ ಕಲಸಿ, ಒಗ್ಗರಣೆ ಕೊಡಿ. ಕುದಿಸಬಾರದು. ಓಮಕಾಳಿನಲ್ಲಿರುವಂತಹ ಪರಿಮಳವೇ ಈ ಎಲೆಯಲ್ಲೂ ಇರುವುದರಿಂದ ಹೆಚ್ಚು ಹಾಕಿದರೆ ಖಾರವೆನಿಸುತ್ತದೆ.

ಧನುರ್ಮಾಸದ ಹುಗ್ಗಿಗೆ ಒಣ ಕಾಳುಮೆಣಸಿನ ಬದಲು ಬಳ್ಳಿಯಿಂದ ಆಗ ತಾನೇ ಕಿತ್ತ ಹಸಿ ಮೆಣಸಿನ ಗೊಂಚಲೊಂದನ್ನು ಜಜ್ಜಿ ಹಾಕಿ ನೋಡಿ. ಪಟ್ಟಣದವರಿಗೆ ಸುಲಭವಾಗಿ ಸಿಗದ ಭಾಗ್ಯವಿದು. ಕ್ರಿಸ್‌ಮಸ್‌ಗೆ ಮಾಂಸದಡಿಗೆ ಮಾಡುವವರು ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ, ಶುಂಠಿ ಅರೆದ ಹಸಿರು ಮಸಾಲೆಯನ್ನು ಮೊದಲು ಹಚ್ಚಿಟ್ಟು, ನಿಂಬೆಯನ್ನು ಬಡಿಸುವಾಗ ಹಿಂಡಿದರೆ ಬಣ್ಣ, ರುಚಿ ಎರಡೂ ನಿಲ್ಲುತ್ತವೆ.

ಬಿತ್ತನೆಯ ಲೆಕ್ಕ

ಚಳಿಗಾಲ ಈ ಸೊಪ್ಪುಗಳಿಗೆ ಹೇಳಿ ಮಾಡಿಸಿದ ಕಾಲ. ಬೇಸಿಗೆಯಲ್ಲಿ ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ಏರುತ್ತದೆ. ಚಳಿಯಲ್ಲಿ ಎಲೆ ತುಂಬಿ ನಿಲ್ಲುತ್ತದೆ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಎರಡು ಮಡಿಗಳಿದ್ದರೆ ಒಂದು ಮನೆಯ ಹಬ್ಬಕ್ಕೆ ಸಾಕು.

ಕೊಯ್ಯುವ ದಿನದಿಂದ ಹಿಂದಕ್ಕೆ ಎಣಿಸಿ ಬಿತ್ತಬೇಕು. ಕೊತ್ತಂಬರಿಗೆ ಸುಮಾರು 40 ದಿನ, ಸಬ್ಬಸಿಗೆಗೆ 40ರಿಂದ 45, ಮೆಂತ್ಯಕ್ಕೆ 25ರಿಂದ 30 ದಿನ ಬೇಕು. ಆದ್ದರಿಂದ ಸಂಕ್ರಾಂತಿಗೆ ಬೇಕಾದ ಸಬ್ಬಸಿಗೆಯನ್ನು ನವೆಂಬರ್ ಕೊನೆಯ ವಾರ, ಕೊತ್ತಂಬರಿಯನ್ನು ಡಿಸೆಂಬರ್ ಮೊದಲ ವಾರ, ಮೆಂತ್ಯವನ್ನು ಡಿಸೆಂಬರ್ ಮಧ್ಯದಲ್ಲಿ ಬಿತ್ತಬೇಕು. ಕ್ರಿಸ್‌ಮಸ್‌ಗಾದರೆ ಇವೆಲ್ಲವೂ ಮೂರು ವಾರ ಮುಂಚೆ. ರಾತ್ರಿ ಚಳಿ ಹೆಚ್ಚಿರುವ ಎತ್ತರದ ತೋಟಗಳಲ್ಲಿ ಇನ್ನೊಂದು ವಾರ ಮುಂಚಿತವಾಗಿ ಬಿತ್ತುವುದು ಕ್ಷೇಮ. ಪುದೀನವನ್ನು ಬೇರು ಸಹಿತ ಕಡ್ಡಿಗಳಿಂದ ಮಳೆಗಾಲದ ಕೊನೆಯಲ್ಲೇ ನೆಟ್ಟಿರಬೇಕು. ಮೊದಲ ಕೊಯ್ಲಿಗೆ ಎರಡು ತಿಂಗಳು ಹಿಡಿಯುತ್ತದೆ.

ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜಗಳಿರುತ್ತವೆ. ಕಾಳನ್ನು ಹಲಗೆಯ ಮೇಲೆ ಮೆಲ್ಲಗೆ ಉಜ್ಜಿ ಎರಡಾಗಿ ಒಡೆದು, 12 ಗಂಟೆ ನೆನೆಸಿ ಬಿತ್ತಿದರೆ ಬೇಗ ಹುಟ್ಟುತ್ತದೆ. ಅಂಗಡಿಯ ಧನಿಯವನ್ನು ನಂಬಿ ಕೂರಬೇಡಿ. ಇಪ್ಪತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಹದಿನೈದಾದರೂ ಮೊಳೆತರೆ ಬಿತ್ತನೆಗೆ ಯೋಗ್ಯ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಇಶಾ’ ತಳಿಯನ್ನು ಬೇರು ಕೀಳದೆ ಹಲವು ಸಲ ಕೊಯ್ದುಕೊಳ್ಳಬಹುದು. ಔಷಧಿ ಬೆರೆಸಿದ ಬಣ್ಣದ ಬೀಜ ಉಳಿದರೆ ಅಡಿಗೆಮನೆಗೆ ಸೇರಿಸಬಾರದು.

ನವೆಂಬರ್‌ನಲ್ಲಿ ಒಂದೆರಡು ಮಳೆ ಬೀಳುವುದುಂಟು. ಆದ್ದರಿಂದ ಮಡಿ ನೆಲದಿಂದ ಅರ್ಧ ಅಡಿ ಎತ್ತರವಿರಲಿ. ಮಲೆನಾಡಿನ ಮಣ್ಣು ಹುಳಿಯಾದುದರಿಂದ ಬಿತ್ತುವ ಎರಡು ವಾರ ಮೊದಲು ಸ್ವಲ್ಪ ಸುಣ್ಣ, ಅನಂತರ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಬೇಕು. ಹಸಿ ಸಗಣಿ ಬೇಡ; ಹಸಿಯಾಗಿ ತಿನ್ನುವ ಸೊಪ್ಪಿಗೆ ಅದರಿಂದ ರೋಗಾಣು ಅಂಟುತ್ತದೆ. ಕಾಫಿ ಪಲ್ಪರ್‌ನಿಂದ ಹರಿದುಬರುವ ನೀರನ್ನು ಮಡಿಗೆ ತಿರುಗಿಸಲೇಬಾರದು. ಅದು ಹುಳಿಯಾಗಿದ್ದು ಎಳೆಯ ಬೇರನ್ನು ಸುಡುತ್ತದೆ.

ಮಡಿ ಎಲ್ಲಿರಬೇಕು?

ಸದಸ್ಯ ಬಂಧುಗಳು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. ನೆರಳಿದೆ, ತೇವವಿದೆ ಎಂದು ಕಾಫಿ ಗಿಡಗಳ ನಡುವೆ, ಅಡಿಕೆ ಮರಗಳ ಬುಡದಲ್ಲಿ ಸೊಪ್ಪು ಬೆಳೆಯುವುದು ಸುಲಭವೆನಿಸಬಹುದು. ಆದರೆ ಸಿಂಪರಣೆಯ ಕಾಲ ಯಾವುದೆಂದು ನೆನಪಿಸಿಕೊಳ್ಳಿ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ. ಮಳೆ ನಿಂತ ಮೇಲೆ ಎಲೆ ತುಕ್ಕು ರೋಗಕ್ಕೆ ಕಾಫಿಗೆ ಅದೇ ದ್ರಾವಣ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಿಳಿ ಕಾಂಡಕೊರಕದ ದುಂಬಿ ಹಾರಾಡುವ ಕಾಲವಾದ್ದರಿಂದ ಕಾಂಡಗಳಿಗೆ ಉಪಚಾರ. ಅಂದರೆ ನಮ್ಮ ಹಬ್ಬದ ಸೊಪ್ಪು ಬೆಳೆಯುವ ವಾರಗಳೂ ತೋಟದ ಔಷಧಿಯ ವಾರಗಳೂ ಒಂದೇ ಆಗಿಬಿಡುತ್ತವೆ.

ಔಷಧಿ ಹೊಡೆದು ಇಷ್ಟು ದಿನವಾದ ಮೇಲೆ ಕೊಯ್ಯಬಹುದು ಎಂದು ಡಬ್ಬಿಯ ಮೇಲೆ ಬರೆದಿರುವುದು ಅದರಲ್ಲಿ ಹೇಳಿದ ಬೆಳೆಗೆ ಮಾತ್ರ. ಕಾಫಿ ಹಣ್ಣಿನ ಸಿಪ್ಪೆ, ಅದರೊಳಗಿನ ತೊಗಟೆ ತೆಗೆದ ಮೇಲೆ ಬೀಜವನ್ನು ಹುರಿದು ಬಳಸುತ್ತೇವೆ. ಸೊಪ್ಪನ್ನಾದರೋ ಔಷಧಿ ಬಿದ್ದ ಎಲೆಯನ್ನೇ, ಎಷ್ಟೋ ಸಲ ಹಸಿಯಾಗಿಯೇ ತಿನ್ನುತ್ತೇವೆ. ಗಿಡದೊಳಗೆ ಹೀರಿಕೊಂಡು ಹರಡುವ ಔಷಧಿಯನ್ನು ಎಷ್ಟು ತೊಳೆದರೂ ತೆಗೆಯಲಾಗದು. ಆದ್ದರಿಂದ ಮಡಿಗಳನ್ನು ಮನೆಯ ಹಿಂದೆ, ಬಚ್ಚಲಿಗಿಂತ ಬಾವಿಗೆ ಹತ್ತಿರವಾಗಿ, ಗಾಳಿ ತೋಟದ ಕಡೆಯಿಂದ ಬೀಸದ ಜಾಗದಲ್ಲಿ ಮಾಡಬೇಕು. ಕಾಫಿ ಸಾಲಿನಲ್ಲಿ ತಾನಾಗಿ ಹುಟ್ಟಿದ ಕರಿಬೇವಿನ ಎಲೆಯನ್ನೂ ಬೋರ್ಡೋ ಹೊಡೆದ ಮೆಣಸಿನ ಬಳ್ಳಿಯ ಹಸಿ ಗೊಂಚಲನ್ನೂ ಅಡಿಗೆಗೆ ಬಳಸಬೇಡಿ. ಹುಗ್ಗಿಗೆ ಬೇಕಾದ ಮೆಣಸಿಗೆ ಮನೆಯ ಬಳಿಯ ಒಂದು ಬಳ್ಳಿಯನ್ನು ಔಷಧಿಯಿಲ್ಲದೆ ಬಿಟ್ಟುಕೊಳ್ಳಬಹುದು. ಮೈಲುತುತ್ತ ಕರಗಿಸಿದ ಬಕೆಟ್ಟು, ಡ್ರಮ್ಮುಗಳು ಸೊಪ್ಪು ತೊಳೆಯಲು, ನೀರು ಹೊರಲು ಮರಳಿ ಬರಕೂಡದು.

ಇನ್ನೊಂದು ಮಾತು. ಲೈನ್ ಮನೆಗಳಲ್ಲಿರುವ ಕೆಲಸಗಾರರ ಕುಟುಂಬದವರು ತೋಟದ ನೆಲದಲ್ಲಿ ಹುಟ್ಟಿದ ಸೊಪ್ಪನ್ನು ಕಿತ್ತು ಸಾರು ಮಾಡುವುದುಂಟು. ಇಂದು ಯಾವ ಭಾಗಕ್ಕೆ ಔಷಧಿ ಬಿದ್ದಿದೆ ಎಂಬುದು ನಮಗೆ ಗೊತ್ತು, ಅವರಿಗೆ ಗೊತ್ತಿರುವುದಿಲ್ಲ. ಹೇಳುವ ಹೊಣೆ ತೋಟದವರದೇ. ಆ ಭಾಗಕ್ಕೆ ಒಂದು ಬಟ್ಟೆ ಕಟ್ಟಿ ಗುರುತು ಮಾಡಿ, ಮನೆಯ ಹೆಂಗಸರಿಗೂ ಮಕ್ಕಳಿಗೂ ತಿಳಿಸಿ. ಹಿತ್ತಲ ಮಡಿಯ ಪಕ್ಕದಲ್ಲೇ ಅವರಿಗೂ ಎರಡು ಮಡಿ ಜಾಗ, ಒಂದು ಹಿಡಿ ಬೀಜ ಕೊಟ್ಟರೆ ಖರ್ಚು ಏನೂ ಅಲ್ಲ, ಅಪಾಯವೂ ತಪ್ಪುತ್ತದೆ.

ಕೊಯ್ದು ಇಡುವ ಕ್ರಮ

ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು ಕೊಯ್ಯುವುದು ಉತ್ತಮ. ಕೊತ್ತಂಬರಿಯನ್ನು ಬೇರು ಸಹಿತ ಕಿತ್ತು, ಬೇರು ಮಾತ್ರ ಮುಳುಗುವಂತೆ ಚೊಂಬಿನ ನೀರಿನಲ್ಲಿ ನಿಲ್ಲಿಸಿದರೆ ಎರಡು ಮೂರು ದಿನ ಬಾಡುವುದಿಲ್ಲ. ತಂಪುಪೆಟ್ಟಿಗೆಯಲ್ಲಿ ಇಡುವವರು ತೊಳೆಯದೆ, ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಬೇಕು. ಊರಿಗೆ ಬಂದ ಮಕ್ಕಳು ಬೆಂಗಳೂರಿಗೆ ಮರಳುವಾಗ ಸೊಪ್ಪು ಕಟ್ಟಿಕೊಡುವುದಾದರೆ ಪ್ಲಾಸ್ಟಿಕ್ ಚೀಲದಲ್ಲಿ ತುರುಕಬೇಡಿ, ಬೆವತು ಕೊಳೆಯುತ್ತದೆ. ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಅಡಿಕೆ ಹಾಳೆ ಮಡಿಸಿ ಬಾಳೆನಾರಿನಿಂದ ಕಟ್ಟಿದರೆ ರಾತ್ರಿಯ ಬಸ್ಸಿನಲ್ಲಿ ಹೊರಟ ಸೊಪ್ಪು ಬೆಳಿಗ್ಗೆ ಹಸಿರಾಗಿಯೇ ಮನೆ ಸೇರುತ್ತದೆ.

ಒಂದು ಹಿಡಿ ಧನಿಯ, ಎರಡು ಚಮಚ ಸಬ್ಬಸಿಗೆ ಬೀಜ, ದಿನಕ್ಕೆ ಹತ್ತು ನಿಮಿಷದ ಕೆಲಸ. ಇಷ್ಟಕ್ಕೆ ಹಬ್ಬದ ಎಲೆಯ ಮೇಲೆ ನಂಬಿ ಬಡಿಸಬಹುದಾದ ಸೊಪ್ಪು ಬರುತ್ತದೆ. ಸದಸ್ಯರು ಈ ಸಾಲಿನ ಕೊಯ್ಲಿಗೆ ಆಳುಕಾಳು ಗೊತ್ತುಮಾಡುವಾಗಲೇ ಎರಡು ಮಡಿಗಳನ್ನೂ ಅಗೆಸಿಡಬೇಕೆಂದು ಕೋರುತ್ತೇವೆ.